ಸುಮ್ನೆ ಕೂರೋಕೂ ಒಂದು ಜಾಗ ಬೇಕಲ್ವಾ ಸಾರ್

ಸಂಪಾದಕರಿಗೆ ನಮಸ್ಕಾರ,

ಓದುಗರ ಪತ್ರ ಅಂದ್ರೆ ನಾಲ್ಕು ಸಾಲಲ್ಲಿ ಮುಗಿಸ್ಬೇಕು ಅಂತ ಗೊತ್ತು. ನಂಗೆ ಅದು ಬರಲ್ಲ. ಉದ್ದ ಆಯ್ತು ಅನ್ಸಿದ್ರೆ ಎಲ್ಲಿ ಬೇಕಾದ್ರೂ ಕತ್ತರಿ ಹಾಕಿ, ಪ್ರೆಸ್ ತಾತನ ವಿಷ್ಯ ಒಂದು ಉಳಿಸ್ಕೊಳ್ಳಿ ಸಾಕು.

ನಮ್ದು ತಾಲ್ಲೂಕು ಊರು. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೇಲಿ ಸರ್ಕಾರಿ ಲೈಬ್ರರಿ, ಅದರ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ, ಇಟ್ಟು ಹದಿನಾಲ್ಕು ವರ್ಷ ಆಯ್ತು. ಹೋದ ತಿಂಗಳು ಒಂದಿನ ಬೆಳಿಗ್ಗೆ ಶಟರ್ ಎತ್ತಿ ನೋಡ್ತೀನಿ, ಲೈಬ್ರರಿ ಬಾಗಿಲಿಗೆ ಒಂದು ನೋಟೀಸ್ ಅಂಟಿಸಿದಾರೆ. ‘ಓದುಗರಿಗೆ ಮಾತ್ರ ಪ್ರವೇಶ. ಸುಮ್ಮನೆ ಕೂರುವಂತಿಲ್ಲ.’ ಅಷ್ಟೇ. ಅದನ್ನ ಪ್ರಿಂಟ್ ತೆಗೆದುಕೊಟ್ಟಿದ್ದೂ ನಾನೇ ಸಾರ್, ಅದೇ ಹೊಟ್ಟೆ ಉರಿಯೋದು. ಹಿಂದಿನ ದಿನ ಸಂಜೆ ಒಬ್ಬ ಹುಡುಗ ಪೆನ್‌ಡ್ರೈವ್ ತಂದು ಎರಡು ಕಾಪಿ ಕೇಳ್ದ, ಅಂಗಡೀಲಿ ರಶ್ಶಿತ್ತು, ನಂಗೆ ಕೈಗೆ ಬಂದಿದ್ದೆಲ್ಲ ಓದೋ ಚಟ ಇದ್ರೂ ಅವತ್ತು ಓದ್ಲಿಲ್ಲ, ಹತ್ತು ರೂಪಾಯಿ ಈಸ್ಕೊಂಡು ಕಳಿಸ್ಬಿಟ್ಟೆ.

ಪ್ರೆಸ್ ತಾತ ಅನ್ನೋದು ನಾವಿಟ್ಟ ಹೆಸ್ರು. ಮೊದ್ಲು ನಮ್ಮೂರಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ಇತ್ತು, ಅಲ್ಲಿ ಮೊಳೆ ಜೋಡಿಸ್ತಿದ್ರಂತೆ, ಲಗ್ನಪತ್ರಿಕೆ, ಬಿಲ್ ಬುಕ್ಕು, ತಿಥಿ ಕಾರ್ಡು ಎಲ್ಲ. ಸೀಸದ ಅಕ್ಷರ ಉಲ್ಟಾ ಓದೀ ಓದೀ ಈಗ್ಲೂ ಅವ್ರಿಗೆ ಪೇಪರ್ ತಲೆಕೆಳಗಾಗಿ ಹಿಡಿದ್ರೂ ಓದೋಕ್ ಬರುತ್ತೆ, ಒಂದ್ಸಲ ನನ್ ಮಗನಿಗೆ ಓದಿ ತೋರಿಸಿ ನಗಿಸಿದ್ರು. ಆದ್ರೆ ಎರಡು ಕಣ್ಣಿಗೂ ಪೊರೆ ಬಂದು, ಒಂದಕ್ಕೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಹೆಡ್ಡಿಂಗ್ ಓದ್ತಾರೆ, ಕೆಳಗಿನ ಸಣ್ಣಕ್ಷರ ಆಗಲ್ಲ. ಹಂಗಾಗಿ ಎಲ್ಲಾ ಪೇಪರ್ ಹೆಡ್ಡಿಂಗೂ ಓದಿ ಮುಗಿಸಿ, ಮಡಚಿ ಇಟ್ಟು, ಫ್ಯಾನ್ ಕೆಳಗಿನ ಬೆಂಚಲ್ಲಿ ಕಣ್ಮುಚ್ಕೊಂಡು ಕೂರ್ತಾರೆ. ಮನೇಲಿ ಇರೋದು ಒಂದು ಹಾಲು ಒಂದು ರೂಮು, ಸೊಸೆ ಸಂಜೆ ನಾಲ್ಕರಿಂದ ಹಾಲಲ್ಲಿ ಟ್ಯೂಷನ್ ಹೇಳ್ಕೊಡ್ತಾಳೆ, ಮಕ್ಕಳು ಚಪ್ಪಲಿ ಬಿಡೋ ಹೊತ್ತಿಗೆ ತಾತ ಚಪ್ಪಲಿ ಮೆಟ್ಟಿರ್ತಾರೆ. ಹೋಗಿ ಅಂತ ಯಾರೂ ಹೇಳಿಲ್ಲ, ಅವ್ರಾಗೇ ಎದ್ದು ಬರೋದು. ಎಂಟು ಗಂಟೆವರೆಗೂ ಎಲ್ಲಿಗ್ ಹೋಗ್ತಾರೆ ಹೇಳಿ? ಹೋಟ್ಲಲ್ಲಿ ಒಂದು ಕಾಫಿಗೆ ಎಷ್ಟೊತ್ತು ಕೂರೋಕಾಗುತ್ತೆ, ಇಪ್ಪತ್ತು ನಿಮಿಷ ಆದ್ರೆ ಕ್ಲೀನರ್ ಹುಡುಗ ಟೇಬಲ್ ಒರೆಸೋಕ್ ಬಂದೇ ಬಿಡ್ತಾನೆ. ದೇವಸ್ಥಾನದ ಜಗಲಿಗೆ ಗ್ರಿಲ್ ಹಾಕಿದಾರೆ. ಪಾರ್ಕಲ್ಲಿ ಕಲ್ಬೆಂಚಿದೆ, ಮಳೆ ಬಂದ್ರೆ ಮುಗೀತು.

ನೋಟೀಸ್ ಹಾಕಿದ್ ದಿನ ಸಂಜೆ ತಾತ ಎಂದಿನಂಗೆ ಒಳಗ್ ಹೋದ್ರು, ಹತ್ತು ನಿಮಿಷಕ್ಕೆ ಹೊರಗ್ ಬಂದ್ರು. ಯಾಕ್ ತಾತ ಅಂದೆ. ‘ನಾನು ಓದುಗ ಅಲ್ವಂತೆ ಕಣಮ್ಮ’ ಅಂದ್ರು. ಅಷ್ಟು ಹೇಳಿ ನಕ್ಕರು ಬೇರೆ.

ಲೈಬ್ರರಿ ಮೇಡಂ ಕೆಟ್ಟೋರಲ್ಲ, ಅದನ್ನೂ ಹೇಳ್ಬೇಕು. ಬೀಗ ತೆಗೆಯೋದು, ಕಸ ಗುಡಿಸೋದು, ಪೇಪರ್‌ಗೆ ಸೀಲ್ ಹೊಡೆದು ಸ್ಟ್ಯಾಂಡಿಗೆ ಸಿಗಿಸೋದು, ರಿಜಿಸ್ಟರ್ ನೋಡೋದು, ಹರಿದ ಪುಸ್ತಕಕ್ಕೆ ಗೋಂದು ಹಚ್ಚೋದು ಎಲ್ಲ ಒಬ್ರೇ. ಅವ್ರು ರಜ ಹಾಕಿದ್ ದಿನ ಬಾಗಿಲು ಮುಚ್ಚಿರುತ್ತೆ. ‘ಓದೋ ಹುಡುಗ್ರು ಮೇಲಿನೋರಿಗೆ ಕಂಪ್ಲೇಂಟ್ ಕೊಟ್ಟಿದಾರೆ ಕಣಕ್ಕ, ಮುದುಕ್ರು ಬಂದು ನಿದ್ದೆ ಮಾಡ್ತಾರೆ, ಸೀಟ್ ಸಿಗಲ್ಲ ಅಂತ, ನಾನೇನ್ ಮಾಡ್ಲಿ’ ಅಂದ್ರು. ತಾತ ಒಂದೊಂದ್ಸಲ ಗೊರಕೆ ಹೊಡೀತಾರೆ, ಸುಳ್ಳು ಯಾಕ್ ಹೇಳ್ಲಿ.

ಆ ಹುಡುಗ್ರ ಕಷ್ಟಾನೂ ನಂಗೊತ್ತು, ನನ್ನ ಅಂಗಡಿ ನಡೀತಿರೋದೇ ಅವ್ರಿಂದ. ಪಿಡಿಒ, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಕಾನ್ಸ್‌ಟೇಬಲ್ಲು, ಯಾವ ನೋಟಿಫಿಕೇಷನ್ ಬಂದ್ರೂ ಮೊದ್ಲು ನಂಗೇ ಗೊತ್ತಾಗೋದು. ಧಾರವಾಡ, ಬೆಂಗಳೂರಿನ ವಿಜಯನಗರ ಕಡೆ ತಿಂಗಳಿಗಿಷ್ಟು ಅಂತ ದುಡ್ ಕಟ್ಟಿ ಕೂರೋ ರೀಡಿಂಗ್ ರೂಮ್‌ಗಳಿದಾವೆ, ಸೀಟ್‌ಗೊಂದು ಲೈಟು, ಪ್ಲಗ್ಗು, ವೈಫೈ ಎಲ್ಲ. ಅಲ್ಲಿ ಪಿಜಿ ಬಾಡಿಗೆ, ಕೋಚಿಂಗ್ ಫೀಸು, ಊಟದ ಖರ್ಚು ತೂಗಿಸೋಕಾಗ್ದೆ ವಾಪಸ್ ಬಂದು ಇಲ್ಲೇ ಓದ್ತೀವಿ ಅನ್ನೋರೇ ನಮ್ ಲೈಬ್ರರೀಲಿ ಜಾಸ್ತಿ. ಬೆಳಿಗ್ಗೆ ಎಂಟೂಕಾಲಿಗೇ ಬಂದು ಬಾಗಿಲ ಮುಂದೆ ಬ್ಯಾಗ್ ಇಟ್ಟು ಕ್ಯೂ ಹಚ್ಚಿರ್ತಾರೆ. ಒಬ್ಬಳು ಹುಡುಗಿ ಇದಾಳೆ, ಹಳ್ಳಿಯಿಂದ ಮೊದಲ್ನೇ ಬಸ್ಸಿಗೆ ಬರ್ತಾಳೆ, ಮೂರನೇ ಸಲ ಬರೀತಿದಾಳೆ ಎಕ್ಸಾಮು, ಈ ಸಲ ಆಗ್ಲಿಲ್ಲ ಅಂದ್ರೆ ಮದ್ವೆ ಅಂತ ಮನೇಲಿ ಹೇಳ್ಬಿಟ್ಟಿದಾರಂತೆ. ಅವಳ ಪಕ್ಕ ಯಾರಾದ್ರೂ ಗೊರಕೆ ಹೊಡೆದ್ರೆ ನಂಗೂ ಸಿಟ್ಟು ಬರುತ್ತೆ.

ಆದ್ರೆ ಒಂದ್ ಮಾತು ಕೇಳಿ. ಈ ಹುಡುಗ್ರು ಲೈಬ್ರರಿ ಪುಸ್ತಕ ಮುಟ್ಟೋದೇ ಇಲ್ಲ. ಗೈಡು, ನೋಟ್ಸು, ಹಳೇ ಕೊಶ್ಚನ್ ಪೇಪರು ಎಲ್ಲ ಅವ್ರದ್ದೇ, ನನ್ ಅಂಗಡೀಲೇ ಜೆರಾಕ್ಸ್ ಮಾಡಿಸಿ ಸ್ಪೈರಲ್ ಬೈಂಡಿಂಗ್ ಹಾಕ್ಸಿದ್ದು. ಅವ್ರಿಗೆ ಬೇಕಾಗಿರೋದು ಟೇಬಲ್ಲು, ಬೆಳಕು, ಯಾರೂ ಎಬ್ಬಿಸ್ದೇ ಇರೋ ಜಾಗ. ತಾತನಿಗೆ ಬೇಕಾಗಿರೋದೂ ಅದೇ ತಾನೇ. ಇಬ್ರೂ ಬಂದಿರೋದು ಕುರ್ಚಿಗೇ. ಇರೋ ಕುರ್ಚಿ ಕಮ್ಮಿ ಆಯ್ತು ಅಂದ್ರೆ ಇನ್ನೊಂದು ರೂಮು ಕೇಳ್ಬೇಕಿತ್ತು. ಹಿಂದ್ಗಡೆ ರೂಮಲ್ಲಿ ಹಳೇ ರ್‍ಯಾಕು, ಕಾಲು ಮುರಿದ ಟೇಬಲ್ಲು, ಯಾವ್ದೋ ಕಾಲದ ಬ್ಯಾನರ್ ತುಂಬಿ ಬೀಗ ಹಾಕಿದಾರೆ, ಅದನ್ನ ತೆಗೆಸಿದ್ರೆ ಇಪ್ಪತ್ತು ಜನ ಆರಾಮಾಗಿ ಕೂತು ಓದ್ಬೋದು. ಅದು ಬಿಟ್ಟು ಒಬ್ರ ಕುರ್ಚಿ ಕಿತ್ತು ಇನ್ನೊಬ್ರಿಗೆ ಹಾಕಿದ್ರೆ ಹೆಂಗೆ?

ಕಂದಾಯದ ವಿಷ್ಯ ಹೇಳ್ತೀನಿ. ಏಪ್ರಿಲ್ ಬಂತು ಅಂದ್ರೆ 5 ಪರ್ಸೆಂಟ್ ರಿಯಾಯ್ತಿ ಸಿಗುತ್ತೆ ಅಂತ ಜನ ಮನೆ ಕಂದಾಯ ಕಟ್ಟೋಕೆ ಬೀಳ್ತಾರೆ, ಆ ಚಲನ್‌ಗಳ ಜೆರಾಕ್ಸ್ ಎಲ್ಲ ನನ್ ಹತ್ರಾನೇ. ಅದ್ರಲ್ಲಿ ಕೆಳಗಡೆ ಉಪಕರ ಅಂತ ಇರುತ್ತೆ ನೋಡಿ, ತೆರಿಗೆ ಮೇಲೆ ಆರೋಗ್ಯಕ್ಕೆ 15 ಪರ್ಸೆಂಟು, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ನನ್ ಓನರ್ ಅಂಗಡಿ ಸಾಲಿಗೆ ತೆರಿಗೆ ಐದು ಸಾವಿರ ಅಂತ ಇಟ್ಕೊಂಡ್ರೆ ಮುನ್ನೂರು ರೂಪಾಯಿ ಲೈಬ್ರರಿಗೆ. ಓನರ್ ಕಟ್ತಾನೆ ಅಂದ್ರೆ ಅವ್ನು ಅದನ್ನ ಬಾಡಿಗೇಲಿ ನಮ್ ಹತ್ರ ತಗೊಂಡೇ ಇರ್ತಾನೆ. ಇದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು, ಆಗಿನ್ನೂ ನಮ್ ರಾಜ್ಯಕ್ಕೆ ಮೈಸೂರು ಅಂತಾನೇ ಹೆಸ್ರಿತ್ತು. ಅಂದ್ರೆ ಆ ಬೆಂಚು, ಆ ಫ್ಯಾನು, ಆ ಪೇಪರು ಯಾರೋ ದಾನ ಕೊಟ್ಟಿದ್ದಲ್ಲ. ತಾತ ನಲವತ್ತು ವರ್ಷ ಕಟ್ಟಿದ ಮನೆ ಕಂದಾಯದಲ್ಲಿ ಆ ಬೆಂಚಿನ ಒಂದು ಕಾಲಾದ್ರೂ ಬಂದಿರುತ್ತೆ. ಇನ್ನು ನಮ್ ನಗರ ಸಂಸ್ಥೆಗಳು ಹಿಂಗೆ ವಸೂಲಿ ಮಾಡಿದ್ ದುಡ್ಡನ್ನ ಲೈಬ್ರರಿ ಇಲಾಖೆಗೆ ಕೊಡ್ದೇ ಬಾಕಿ ಉಳಿಸ್ಕೊಳ್ತಾವೆ ಅಂತ ಪೇಪರ್‌ಗಳಲ್ಲಿ ಓದಿ ಓದಿ ಸಾಕಾಗಿದೆ, ಅದರ ಬಗ್ಗೆ ನಾನು ಹೊಸ್ದಾಗಿ ಏನ್ ಬರೀಲಿ.

ಲೈಬ್ರರಿ ಬಗ್ಗೆ ನಂಗೆ ಒಂದಿಷ್ಟು ತಿಳಿದಿದ್ದು ಲೈಬ್ರರಿ ಸೈನ್ಸ್ ಓದ್ತಿದ್ದ ಒಬ್ಬ ಹುಡುಗನಿಂದ. ಅವ್ನ ನೋಟ್ಸು ಜೆರಾಕ್ಸ್ ಮಾಡ್ತಾ ಮಾಡ್ತಾ ಓದಿದ್ದು. ಎಸ್.ಆರ್. ರಂಗನಾಥನ್ ಅಂತ ಇದ್ರಲ್ಲ, ಗಣಿತ ಹೇಳ್ಕೊಡ್ತಿದ್ದ ಮೇಷ್ಟ್ರು, ಶುರುವಲ್ಲಿ ನಮ್ ಮಂಗಳೂರಿನ ಸರ್ಕಾರಿ ಕಾಲೇಜಲ್ಲೂ ಪಾಠ ಮಾಡಿದೋರು. 1924ರಲ್ಲಿ ಮದ್ರಾಸ್ ಯೂನಿವರ್ಸಿಟಿಗೆ ಲೈಬ್ರರಿಯನ್ ಆಗಿ ಹೋಗಿ, ಮೊದ್‌ಮೊದ್ಲು ಈ ಕೆಲ್ಸ ಬೋರು, ವಾಪಸ್ ಪಾಠಕ್ಕೇ ಹೋಗ್ತೀನಿ ಅಂದಿದ್ರಂತೆ, ಆಮೇಲೆ ಲಂಡನ್ನಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನ ನೋಡ್ಕೊಂಡು ಬಂದ್ಮೇಲೆ ಜೀವನಪೂರ್ತಿ ಇದನ್ನೇ ಮಾಡಿದ್ರು. ಕೊನೆಗಾಲದಲ್ಲಿ ಬೆಂಗಳೂರಲ್ಲೇ ಇದ್ರು, 1972ರಲ್ಲಿ ಅಲ್ಲೇ ತೀರ್ಕೊಂಡ್ರು. ಅವ್ರು ಹುಟ್ಟಿದ್ ದಿನ ಅಂತ ಆಗಸ್ಟ್ 12ಕ್ಕೆ ಲೈಬ್ರರಿಯನ್‌ಗಳ ದಿನ ಮಾಡ್ತಾರೆ, ನಮ್ ಲೈಬ್ರರೀಲೂ ಫೋಟೋಗೆ ಹಾರ ಹಾಕಿ ಎಲ್ರಿಗೂ ಲಾಡು ಕೊಡ್ತಾರೆ, ತಾತನೂ ತಿಂದಿದಾರೆ.

ಅವ್ರು 1931ರಲ್ಲಿ ಐದು ಸೂತ್ರ ಬರೆದ್ರು. ಪುಸ್ತಕ ಇರೋದು ಬಳಸೋಕೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಟೈಮ್ ಉಳಿಸಿ, ಲೈಬ್ರರಿ ಬೆಳೀತಾ ಇರೋ ಜೀವ, ಹಿಂಗೆ. ನಂಗೆ ಖುಷಿ ಆಗಿದ್ದು ಮೊದಲ್ನೇ ಸೂತ್ರದ ವಿವರಣೆ ನೋಡಿ. ಪುಸ್ತಕ ಇರೋದು ಬಳಸೋಕೆ ಅಂದ್ಬಿಟ್ಟು ಅವ್ರು ಬರೀ ಪುಸ್ತಕದ ವಿಷ್ಯ ಮಾತಾಡಲ್ಲ, ಲೈಬ್ರರಿ ಊರಲ್ಲಿ ಎಲ್ಲಿರ್ಬೇಕು, ಎಷ್ಟೊತ್ತಿಗೆ ತೆಗೀಬೇಕು, ಕುರ್ಚಿ ಮೇಜು ಹೆಂಗಿರ್ಬೇಕು, ಒಳಗಿರೋ ಸಿಬ್ಬಂದಿ ಬಂದೋರ ಜೊತೆ ಹೆಂಗಿರ್ಬೇಕು, ಇದನ್ನೆಲ್ಲ ಆ ಸೂತ್ರದ ಒಳಗೇ ತರ್ತಾರೆ. ಜಾಗ ಸರಿ ಇಲ್ಲ, ಟೈಮ್ ಸರಿ ಇಲ್ಲ, ಕೂರೋಕೆ ಹಿತ ಇಲ್ಲ ಅಂದ್ರೆ ಪುಸ್ತಕ ಎಷ್ಟಿದ್ರೇನು ಅಂತ. ಅಷ್ಟು ದೊಡ್ಡ ಮನುಷ್ಯ ಕುರ್ಚಿ ಬಗ್ಗೆ ಯೋಚ್ನೆ ಮಾಡಿದಾರೆ, ನಾವು ಕುರ್ಚಿ ಮೇಲೆ ಕೂತೋರನ್ನ ಎಬ್ಬಿಸ್ತಿದೀವಿ.

ಟೈಮ್ ಅಂದೆ ನೋಡಿ, ಅದೊಂದು ಕಥೆ. ನಮ್ ಲೈಬ್ರರಿ ಬೆಳಿಗ್ಗೆ ಎಂಟೂವರೆಗೆ ತೆಗೆದು ಹನ್ನೊಂದೂವರೆಗೆ ಮುಚ್ಚುತ್ತೆ, ಮತ್ತೆ ಸಂಜೆ ನಾಲ್ಕರಿಂದ ಎಂಟು. ಬಿಸಿಲು ನೆತ್ತಿ ಸುಡೋ ಹೊತ್ತಲ್ಲಿ ಪೂರ್ತಿ ಬೀಗ. ಬೆಳಿಗ್ಗೆ ಕ್ಯೂ ನಿಂತಿದ್ದ ಹುಡುಗ್ರೆಲ್ಲ ಹನ್ನೊಂದೂವರೆಗೆ ಬ್ಯಾಗ್ ಎತ್ಕೊಂಡು ಬಸ್ ಸ್ಟ್ಯಾಂಡ್ ಕಟ್ಟೆಗೆ ಹೋಗ್ತಾರೆ, ಅಲ್ಲಿ ಬಸ್ಸಿನ ಹಾರನ್ನು ಕೇಳ್ತಾ ಓದ್ತಾರೆ, ಆ ಹುಡುಗಿ ಮಾತ್ರ ನನ್ ಅಂಗಡಿ ಒಳಗೆ ಲ್ಯಾಮಿನೇಷನ್ ಮೆಷಿನ್ ಪಕ್ಕ ಕೂತು ಓದ್ತಾಳೆ. ವಾರದ ರಜ ಸೋಮವಾರ, ಅದರ ಮೇಲೆ ತಿಂಗಳಿಗೊಂದು ಎರಡನೇ ಮಂಗಳವಾರ. ನಮ್ಮೂರ ಸಂತೆ ಸೋಮವಾರಾನೇ! ಸುತ್ತಲ ಹಳ್ಳಿ ಜನ ಎಲ್ಲ ಊರಿಗೆ ಬರೋದು ಅವತ್ತೊಂದೇ ದಿನ. ತಾಲ್ಲೂಕಾಫೀಸಲ್ಲಿ ಪಹಣಿಗೆ ಕಾಯೋರು, ಮಗೂನ ಆಸ್ಪತ್ರೆಗೆ ತೋರಿಸಿ ಸಂಜೆ ಬಸ್ಸಿಗೆ ಕಾಯೋರು, ಸೊಪ್ಪು ಮಾರಿ ಮುಗಿಸಿದೋರು, ಅವ್ರಿಗೆಲ್ಲ ಲೈಬ್ರರಿ ಅಂದ್ರೆ ಮುಚ್ಚಿದ ಬಾಗಿಲ ಮುಂದಿನ ನೆರಳು ಅಷ್ಟೇ. ರಜ ಬೇಡ ಅನ್ನಲ್ಲ, ಮೇಡಂ ಕೂಡ ಮನುಷ್ಯರೇ. ಸಂತೆ ದಿನ ಬಿಟ್ಟು ಬೇರೆ ದಿನ ಕೊಡ್ರಪ್ಪ ಅಂತ.

ಹೆಣ್ಮಕ್ಕಳ ವಿಷ್ಯಾನೂ ಬರೀಲೇಬೇಕು. ಕಾಲೇಜ್ ಬಿಡೋದು ನಾಲ್ಕಕ್ಕೆ, ನಮ್ ಕಡೆ ಹಳ್ಳಿ ಬಸ್ಸಿರೋದು ಐದೂ ನಲವತ್ತಕ್ಕೆ. ಆ ಒಂದೂವರೆ ಗಂಟೆ ಬಸ್ ಸ್ಟ್ಯಾಂಡಲ್ಲಿ ನಿಂತ್ರೆ ಯಾವ್ಯಾವೋ ಬೈಕು ಮೂರು ರೌಂಡ್ ಹೊಡೆಯುತ್ತೆ, ಊರಲ್ಲಿ ನೋಡಿದೋರು ಮನೆಗೆ ಬೇರೆ ಏನೋ ಹೇಳ್ತಾರೆ. ಲೈಬ್ರರೀಲಿ ಇದ್ದೆ ಅಂದ್ರೆ ಯಾರೂ ಏನೂ ಅನ್ನಲ್ಲ. ಅವ್ರು ಪುಸ್ತಕ ಓದ್ತಾರಾ ಅಂದ್ರೆ ಕೆಲವ್ರು ಓದ್ತಾರೆ, ಕೆಲವ್ರು ಪಿಸಪಿಸ ಅಂತಾರೆ, ಒಬ್ಬಳು ಕಿಟಕಿ ಪಕ್ಕ ಕೂತು ಸುಮ್ನೆ ರಸ್ತೆ ನೋಡ್ತಿರ್ತಾಳೆ. ನೋಡ್ಲಿ ಬಿಡಿ. ಈ ನೋಟೀಸ್ ಬಂದ್ಮೇಲೆ ಆ ಹುಡುಗೀರು ಎದುರಿಗೆ ಒಂದು ಪುಸ್ತಕ ತೆರೆದಿಟ್ಕೊಂಡು ಓದೋ ನಾಟ್ಕ ಮಾಡ್ತಿದಾರೆ, ಮೇಡಂ ಬಂದಾಗ ಪುಟ ತಿರುಗಿಸ್ತಾರೆ. ಹಿಂದ್ಗಡೆ ಒಂದು ಟಾಯ್ಲೆಟ್ ಇದೆ, ಅದರ ಬೀಗ ತೆಗೆದಿದ್ದು ನಾನಂತೂ ನೋಡಿಲ್ಲ, ನೀರಿಲ್ವಂತೆ. ಹೆಣ್ಮಕ್ಕಳು ಬಸ್ ಸ್ಟ್ಯಾಂಡಿಗೆ ಓಡ್ಬೇಕು, ಇಲ್ಲ ಮನೆಗೆ ಹೋಗೋವರೆಗೂ ತಡ್ಕೋಬೇಕು.

ನಾನೂ ಹಂಗೇ ಬೆಳೆದೋಳು. ನಮ್ಮಪ್ಪ ಎಪಿಎಂಸಿ ಯಾರ್ಡಲ್ಲಿ ಹಮಾಲಿ, ಮೂರನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋರು. ಲಾರಿ ಬರೋವರೆಗೂ ಕೆಲ್ಸ ಇರಲ್ವಲ್ಲ, ಆಗ ಹೆಗಲ ಮೇಲಿನ ಟವೆಲ್ ಕೊಡವಿ, ಕಾಲು ತೊಳ್ಕೊಂಡು ಲೈಬ್ರರಿಗೆ ಬರೋರು. ಕಾಲು ತೊಳೀದೆ ಒಳಗ್ ಹೋಗ್ತಿರ್ಲಿಲ್ಲ, ದೇವಸ್ಥಾನದ ಥರ. ಮೊದ್ಲು ಬರೀ ಕೂರೋರು. ಫೋಟೋ ನೋಡೋರು. ಆಗಿದ್ದ ಲೈಬ್ರರಿಯನ್ ಸಾರು ಒಂದಿನ ಏನೂ ಕೇಳ್ದೆ ದೊಡ್ಡಕ್ಷರದ ಮಕ್ಕಳ ಪುಸ್ತಕ ಒಂದನ್ನ ಅವ್ರ ಮುಂದೆ ಇಟ್ಟು ಹೋದ್ರಂತೆ. ಅಪ್ಪ ತುಟಿ ಅಲ್ಲಾಡಿಸ್ಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದೋಕ್ ಶುರು ಮಾಡಿದ್ದು ಅಲ್ಲಿಂದ, ಅಲ್ಲೀವರೆಗೂ ಎಷ್ಟು ತಿಂಗಳು ಸುಮ್ನೆ ಕೂತಿದ್ರೋ ಯಾರಿಗ್ ಗೊತ್ತು. ಆ ಸಾರು ಈ ನೋಟೀಸ್ ಅಂಟಿಸಿದ್ರೆ ಅಪ್ಪ ಎರಡನೇ ದಿನಾನೇ ಹೊರಗಿರ್ತಿದ್ರು. ಎಸ್ಸೆಸ್ಸೆಲ್ಸಿ ವರ್ಷ ನನ್ನ ಕರ್ಕೊಂಡು ಬಂದು ಅದೇ ಬೆಂಚಲ್ಲಿ ಕೂರಿಸಿದ್ರು, ಮನೇಲಿ ಕರೆಂಟ್ ಇರ್ಲಿಲ್ಲ ಅಂತ.

ಬೆಂಗಳೂರಿಗೆ ಒಂದ್ಸಲ ಅಣ್ಣನ ಜಮೀನಿನ ಕೇಸಿಗೆ ಹೈಕೋರ್ಟಿಗೆ ಹೋಗಿದ್ದೆ. ಒಳಗೆ ಬಿಡಲ್ಲ ಅಂದ್ರು, ಅಣ್ಣ ಲಾಯರ್ ಜೊತೆ ಹೋದ. ಅಲ್ಲೇ ಕಬ್ಬನ್ ಪಾರ್ಕಲ್ಲಿ ಕೆಂಪು ಬಣ್ಣದ ದೊಡ್ಡ ಬಿಲ್ಡಿಂಗು, ಶೇಷಾದ್ರಿ ಅಯ್ಯರ್ ಸ್ಮಾರಕ, ರಾಜ್ಯ ಕೇಂದ್ರ ಗ್ರಂಥಾಲಯ. ನೂರು ವರ್ಷ ದಾಟಿದೆ ಅದಕ್ಕೆ, ವಿಶ್ವೇಶ್ವರಯ್ಯನವ್ರು ದಿವಾನ್ರಾಗಿದ್ದ ಕಾಲದ್ದು. ಅಂಜ್ಕೊಂಡೇ ಒಳಗ್ ಹೋದೆ, ಕೈಲಿ ಊಟದ ಬ್ಯಾಗು, ಕಾಲಲ್ಲಿ ಹವಾಯಿ ಚಪ್ಪಲಿ. ಯಾರೂ ತಡೀಲಿಲ್ಲ. ಎರಡೂವರೆ ಗಂಟೆ ಕೂತಿದ್ದೆ, ಒಂದು ವಾರಪತ್ರಿಕೆ ಹಿಡ್ಕೊಂಡಿದ್ದೆ ನಿಜ, ಆದ್ರೆ ಕೇಸಿನ ಚಿಂತೇಲಿ ಒಂದಕ್ಷರ ತಲೆಗೆ ಹೋಗಿದ್ರೆ ಕೇಳಿ. ರಾಜಧಾನೀಲಿ ನಂಗೆ ಸಿಕ್ಕಿದ್ದು ನಮ್ಮೂರಲ್ಲಿ ತಾತನಿಗೆ ಯಾಕ್ ಸಿಗ್ಬಾರ್ದು?

ಹಳ್ಳಿ ಕಡೆ ಈ ವಿಷ್ಯದಲ್ಲಿ ಮುಂದಿದಾರೆ ಅಂದ್ರೆ ನಂಬ್ತೀರಾ. ಗ್ರಾಮ ಪಂಚಾಯಿತಿ ಲೈಬ್ರರಿಗಳು, ಐದೂವರೆ ಸಾವಿರಕ್ಕೂ ಮೇಲಿದಾವೆ, 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದ್ವು. ಮಾರನೇ ವರ್ಷ ಮಕ್ಕಳ ದಿನಾಚರಣೆಗೆ ಓದುವ ಬೆಳಕು ಅಂತ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಫ್ರೀ ಮೆಂಬರ್‌ಶಿಪ್ ಕೊಟ್ರು. ಕೊರೊನಾ ಟೈಮು, ಸ್ಕೂಲ್ ಬಾಗಿಲು ಮುಚ್ಚಿತ್ತು, ಮೊಬೈಲ್ ಇಲ್ದಿರೋ ಮಕ್ಕಳು ಹೋಗೋಕ್ ಒಂದು ಜಾಗ ಅಂತ ಇದ್ದಿದ್ದು ಅದೇ. ಈಗ ಅರಿವು ಕೇಂದ್ರ ಅಂತ ಹೆಸ್ರು. ನನ್ ತವರಿನದ್ದು ನೋಡ್ಬೇಕು ನೀವು, ಗೋಡೆ ತುಂಬ ಚಿತ್ರ, ಕೆಳಗೆ ಚಾಪೆ, ಒಂದು ಮೂಲೇಲಿ ಕೇರಂ ಬೋರ್ಡು, ಇನ್ನೊಂದ್ ಕಡೆ ಚೆಸ್ಸು. ಮಕ್ಕಳು ಆಟ ಆಡೋಕ್ ಬರ್ತಾವೆ, ಆಟ ಸಿಗ್ದಿದ್ದೋರು ಬೇಜಾರಿಗೆ ಪುಸ್ತಕ ತೆಗೀತಾರೆ. ನಮ್ಮತ್ತಿಗೆ ಅಲ್ಲಿಗೆ ಹೋಗೋದು ಬರೀ ಮಗನ್ನ ಕರ್ಕೊಂಡ್ ಬರೋಕೆ ಅಂತ, ಆದ್ರೆ ಅರ್ಧ ಗಂಟೆ ಮುಂಚೆನೇ ಹೋಗ್ತಾಳೆ. ಯಾಕೆ ಅಂತ ನಾನೂ ಕೇಳಲ್ಲ, ಅತ್ತೆನೂ ಕೇಳಲ್ಲ.

ಎಲ್ಲ ಕಡೆ ಹಂಗೇ ಅಂತ ಹೇಳ್ತಿಲ್ಲ, ಬಾಗಿಲು ತೆಗೀದೇ ಇರೋ ಪಂಚಾಯ್ತಿ ಲೈಬ್ರರಿನೂ ನೋಡಿದೀನಿ. ಅದನ್ನ ನಡೆಸೋ ಮೇಲ್ವಿಚಾರಕರಿಗೆ ಸಿಗೋ ಸಂಬಳ ಕೇಳಿದ್ರೆ ಬಾಗಿಲು ತೆಗೀತಾರಲ್ಲ ಅದೇ ದೊಡ್ದು ಅನ್ಸುತ್ತೆ.

ಮೊಬೈಲಲ್ಲೇ ಎಲ್ಲ ಬಂದಿದೆ, ಡಿಜಿಟಲ್ ಲೈಬ್ರರಿ ಇದೆ, ಈ ಕಾಲದಲ್ಲಿ ಬಿಲ್ಡಿಂಗ್ ಯಾಕೆ ಅಂತ ಮೊನ್ನೆ ಒಬ್ರು ಅಂಗಡೀಲಿ ವಾದ ಮಾಡಿದ್ರು. ಆ್ಯಪ್ ನಾನೂ ಹಾಕ್ಕೊಂಡಿದೀನಿ, ಚೆನ್ನಾಗಿದೆ. ಆದ್ರೆ ಆ್ಯಪಲ್ಲಿ ಫ್ಯಾನ್ ಇಲ್ಲ ಸ್ವಾಮಿ ಅಂದೆ.

ಮೈಸೂರಲ್ಲಿ ಸೈಯದ್ ಇಸಾಕ್ ಅಂತ ಇದಾರೆ, ಕೂಲಿ ಮಾಡೋರು, ನಿಮ್ಗೆ ಗೊತ್ತಿರುತ್ತೆ, 2021ರ ಏಪ್ರಿಲ್‌ನಲ್ಲಿ ಅವ್ರ ಲೈಬ್ರರಿಗೆ ಬೆಂಕಿ ಬಿದ್ದು ಹತ್ತು ಸಾವಿರಕ್ಕೂ ಹೆಚ್ಚು ಪುಸ್ತಕ ಸುಟ್ಟು ಹೋಯ್ತು, ಹೆಚ್ಚಿನವು ಕನ್ನಡದ್ದೇ. ತಾನು ಸ್ಕೂಲಿಗೆ ಹೋಗೋಕಾಗ್ಲಿಲ್ಲ, ಬೇರೆಯೋರಾದ್ರೂ ಓದ್ಲಿ ಅಂತ ದಿನಾ ತನ್ ಕೂಲಿ ದುಡ್ಡಲ್ಲಿ ಪೇಪರ್ ತರಿಸಿ ಇಡ್ತಿದ್ರು, ಯಾರ್ ಬೇಕಾದ್ರೂ ಬಂದು ಕೂತು ಓದ್ಬೋದಿತ್ತು. ಬೆಂಕಿ ಬಿದ್ದಾಗ ಎಲ್ಲೆಲ್ಲಿಂದ್ಲೋ ಜನ ದುಡ್ಡು, ಪುಸ್ತಕ ಕೊಡೋಕ್ ಮುಂದೆ ಬಂದ್ರು. ಅದನ್ನ ಓದಿ ನಾನೂ ಅಪ್ಪಂದು ಉಳಿದಿದ್ದ ಎಂಟತ್ತು ಪುಸ್ತಕ ಕಟ್ಟಿಟ್ಟೆ, ಕಳಿಸೋಕ್ ಮಾತ್ರ ಮನಸ್ಸಾಗ್ಲಿಲ್ಲ, ಇನ್ನೂ ಅಟ್ಟದ ಮೇಲಿದೆ. ಅದು ನನ್ ತಪ್ಪು.

ಇಷ್ಟೆಲ್ಲ ಬರೆದು ಏನ್ ಕೇಳ್ತಿದೀಯಮ್ಮ ಅಂತೀರಾ? ಆ ನೋಟೀಸಲ್ಲಿ ಎರಡನೇ ಸಾಲು ತೆಗೀಲಿ. ಬೇಕಾದ್ರೆ ‘ಗೊರಕೆ ಹೊಡೆಯುವಂತಿಲ್ಲ’ ಅಂತ ಹಾಕ್ಲಿ, ನಾನೇ ಫ್ರೀಯಾಗಿ ಪ್ರಿಂಟ್ ತೆಗೆದು ಕೊಡ್ತೀನಿ. ಹಿಂದಿನ ರೂಮು ಖಾಲಿ ಮಾಡಿಸಿ ಎಕ್ಸಾಮಿಗೆ ಓದೋರಿಗೆ ಕೊಡ್ಲಿ, ಟಾಯ್ಲೆಟ್‌ಗೆ ನೀರು ಬರ್ಲಿ, ಮೇಡಂಗೆ ಒಬ್ರು ಸಹಾಯಕ್ಕೆ ಸಿಕ್ರೆ ಮಧ್ಯಾಹ್ನಾನೂ ಬಾಗಿಲು ತೆಗೆದಿರ್ಬೋದು. ಸಂತೆ ದಿನದ್ದು ಆಗ್ಲೇ ಹೇಳಿದೀನಿ. ಇನ್ನೊಂದು, ಇದು ಓದುಗರಿಗೇ ಹೇಳೋದು, ಪೇಪರಲ್ಲಿ ಕೆಲಸದ ಜಾಹೀರಾತನ್ನ ಬ್ಲೇಡ್ ಹಾಕಿ ಕುಯ್ಕೊಂಡು ಹೋಗ್ತೀರಲ್ಲ, ಅದರ ಹಿಂದಿನ ಪುಟದಲ್ಲಿ ಯಾರದ್ದೋ ನಿಧನ ವಾರ್ತೆ ಅರ್ಧ ಹೋಗಿರುತ್ತೆ, ಎದುರಿಗೇ ನನ್ ಅಂಗಡಿ ಇದೆ, ಎರಡು ರೂಪಾಯಿಗೆ ಜೆರಾಕ್ಸ್ ಸಿಗುತ್ತೆ, ದುಡ್ಡಿಲ್ಲ ಅಂದ್ರೆ ಹಂಗೇ ಕೊಡ್ತೀನಿ.

ಮೇಡಂ ಹತ್ರ ನಾನೇ ಹೋಗಿ ಮಾತಾಡ್ದೆ. ಅವ್ರಿಗೂ ಬೇಜಾರಿದೆ. ‘ತಾತ ಬರ್ಲಿ ಬಿಡಕ್ಕ, ನಾನೇನೂ ಅನ್ನಲ್ಲ’ ಅಂದ್ರು. ಹೇಳ್ದೆ ತಾತನಿಗೆ. ‘ಬೋರ್ಡ್ ಹಾಕಿದಾರಲ್ಲಮ್ಮ, ಅಚ್ಚಾಗಿದ್ ಮೇಲೆ ಮುಗೀತು’ ಅಂದ್ರು. ಜೀವನ ಪೂರ್ತಿ ಅಚ್ಚಿನ ಕೆಲ್ಸ ಮಾಡಿದೋರು, ಅವ್ರಿಗೆ ಪ್ರಿಂಟ್ ಆಗಿದ್ ಮಾತು ಅಂದ್ರೆ ಹಂಗೆ.

ಈಗ ಸಂಜೆ ನಾಲ್ಕಕ್ಕೆ ನನ್ ಅಂಗಡಿ ಮುಂದಿನ ಸ್ಟೂಲ್ ಮೇಲೆ ಕೂರ್ತಾರೆ. ಬೆನ್ನಿಗೆ ಒರಗಿಲ್ಲ, ಫ್ಯಾನಿಲ್ಲ, ಎದುರಿಗೆ ಆ ಬಾಗಿಲು ಕಾಣುತ್ತೆ. ಗಿರಾಕಿ ಯಾರಾದ್ರೂ ಬಂದ್ರೆ ಸಾಕು ಎದ್ದು ನಿಂತ್ಕೊಂಡು ಸ್ಟೂಲ್ ಪಕ್ಕಕ್ಕೆ ಸರಿಸ್ತಾರೆ. ಕೂತ್ಕೊಳ್ಳಿ ತಾತ, ಪರ್ವಾಗಿಲ್ಲ ಅಂತ ದಿನಾ ಹೇಳ್ತೀನಿ. ‘ಇರ್ಲಿ ಬಿಡಮ್ಮ, ವ್ಯಾಪಾರದ ಜಾಗ’ ಅಂತಾರೆ.

ಇಂತಿ ನಮಸ್ಕಾರಗಳು,
ಲೈಬ್ರರಿ ಎದುರಿನ ಜೆರಾಕ್ಸ್ ಅಂಗಡಿಯವಳು
(ಹೆಸ್ರು, ಊರು ಹಾಕ್ಬೇಡಿ ಸಾರ್, ಮೇಡಂಗೆ ತೊಂದ್ರೆ ಆಗುತ್ತೆ)